ಕೈಯಾಗ ರಾಜಾ ಜೋಡಿ, ಟರ್ನ್‌ನ್ಯಾಗ ಎದುರಿನವ ರೇಜ್ ಹೊಡದ: ಮುಂದ ಹೋಗೂದೋ, ಎಲಿ ಬಿಡೂದೋ?

ಪ್ರಶ್ನೆ: ಸರ್, ನಾವು ಬಾಗಲಕೋಟಿ ನವನಗರದವ್ರು. ಆನ್‌ಲೈನ್ ರೊಕ್ಕದ ಪೋಕರ್ ಬಂದ್ ಆದ ಮ್ಯಾಲೆ ಆರೇಳು ಮಂದಿ ಗೆಳೆಯರು ಶನಿವಾರ ರಾತ್ರಿ ಮನ್ಯಾಗ ಕುಂತು ಹೋಲ್ಡೆಮ್ ಪೋಕರ್ ಆಡ್ತೀವಿ (ಕೈಯಾಗ ಎರಡು ಎಲಿ, ನಡುವ ಬೋರ್ಡ್ ಮ್ಯಾಲೆ ಎಲ್ಲಾರಿಗೂ ಕೂಡಿ ಐದು: ಮೊದಲ ಮೂರು ಫ್ಲಾಪ್, ನಾಕನೇದು ಟರ್ನ್, ಐದನೇದು ರಿವರ್), ಬರೇ ಪ್ಲಾಸ್ಟಿಕ್ ಚಿಪ್ಸ್, ಸೋತಾವ ಮುಂದಿನ ವಾರ ಗಿರ್ಮಿಟ್ ಮಿರ್ಚಿ ತರಬೇಕು ಅಷ್ಟ. ಬ್ಲೈಂಡ್ 5-10 (ಎಲಿ ನೋಡೂ ಮೊದಲ ಇಬ್ಬರು ಹಾಕಲೇಬೇಕಾದ ಚಿಪ್ಸ್, 10 ಹಾಕಾವ ಬಿಗ್ ಬ್ಲೈಂಡ್), ಎಲ್ಲಾರ ಮುಂದೂ 1000 ಚಿಪ್ಸ್. ಹೋದ ವಾರ ನನಗ ರಾಜಾ ಜೋಡಿ ಬಂತು, ಒಂದು ಇಸ್ಪೀಟ್, ಒಂದು ಡೈಮಂಡ್. ನನ್ನ ಮುಂದ ಒಬ್ಬ 10 ಹಾಕಿ ಬಂದಿದ್ದ, ನಾ 30ಕ್ಕ ರೇಜ್ ಮಾಡಿದೆ, ನಾಕೂ ಮಂದಿ ಕಾಲ್ ಮಾಡಿದ್ರು, ಅಂದ್ರ ಅಷ್ಟ ಹಾಕಿ ಬಂದ್ರು. ಫ್ಲಾಪ್ ಆಟೀನ್ 9, ಆಟೀನ್ 8, ಕ್ಲಾವರ್ 4. ನಾ 60 ಹಾಕಿದೆ, ಬಟನ್‌ದಾವ (ಎಲಿ ಹಂಚೂ ಜಾಗಾದಾಗ ಕುಂತಾವ) ಬಂದ, ಬಿಗ್ ಬ್ಲೈಂಡ್‌ದಾಗ ಇದ್ದ ನಮ್ಮ ಕಿರಾಣಿ ಅಂಗಡಿ ದೋಸ್ತನೂ ಬಂದ. ಟರ್ನ್ ಇಸ್ಪೀಟ್ 7. ದೋಸ್ತ ಚೆಕ್ ಅಂದ (ಏನೂ ಹಾಕ್ಲಿಲ್ಲ), ನಾ 150 ಹಾಕಿದೆ, ಬಟನ್ ಬಿಟ್ಟ. ಆವಾಗ ನಮ್ಮ ದೋಸ್ತ, ಇಡೀ ರಾತ್ರಿ ಬಾಯಿ ಬಿಚ್ಚದಾವ, ಚಾದ ಕಪ್ ಕೆಳಗ ಇಟ್ಟು, ಚಿಪ್ಸ್ ಎಣಿಸಿ 500 ಮುಂದ ತಳ್ಳಿದ. ನಾ ಆಲ್ ಇನ್ ಅಂದೆ, ಇದ್ದದ್ದೆಲ್ಲಾ ಹಾಕಿದೆ. ಅವನ ಕಡೆ ಆಟೀನ್ 6, ಆಟೀನ್ 5. ಸ್ಟ್ರೇಟ್, ಅಂದ್ರ 5ರಿಂದ 9ರತನಕ ಸಾಲಾಗಿ ಐದು ಎಲಿ. ದೊಡ್ಡ ಜೋಡಿ ಬಂದ್ರ ಯಾವಾಗ ಮುಂದ ಹೋಗಬೇಕು, ಯಾವಾಗ ಬಿಡಬೇಕು? ಬೋರ್ಡ್ ಮ್ಯಾಲೆ ಎಕ್ಕಾ ಬಿದ್ರ ಏನು ಮಾಡಬೇಕು? ಡಿಸೆಂಬರ್‌ದಾಗ ಗೋವಾಕ್ಕ ಹೊಂಟೀವಿ, ಅಲ್ಲಿ ಟೇಬಲ್‌ಗ ಕುಂದ್ರೂ ಆಸೆನೂ ಐತಿ. ಇನ್ನೊಂದು, ರಾಜಾ ಜೋಡಿ ಬಿಟ್ರ ಎಲ್ಲಾರಿಗೂ ತೋರಿಸಿ ಬಿಡಬೇಕೋ ಹಂಗ ಮುಚ್ಚಿ ಕೊಡಬೇಕೋ?

ಉತ್ತರ: ಮೊದಲ ನೇರ ಹೇಳಿಬಿಡ್ತೀನ್ರಿ, ಯಾಕಂತ ಆಮ್ಯಾಲ ನೋಡೂಣು. 500 ಬಂದಾಗ ಬಿಡಬೇಕಿತ್ತು. ಫ್ಲಾಪ್‌ನ್ಯಾಗ ಬೆಟ್ ಹಾಕಿದ್ದು ಸರಿ, ಖರೇ ಅಂದ್ರ ಕಮ್ಮಿನ ಹಾಕೀರಿ. ಟರ್ನ್‌ನ್ಯಾಗ 150 ಹಾಕಿದ್ದೂ ನಡೀತೈತಿ. ಆದ್ರ ಚೆಕ್ ಅಂದು ಸುಮ್ಮ ಕುಂತಾವ ತಿರುಗಿ ಮೂರು ಪಟ್ಟಿಗಿಂತ ಜಾಸ್ತಿ ರೇಜ್ ಹೊಡದ ಮ್ಯಾಲೆ ನಿಮ್ಮ ಕೈಯಾಗ ಇರೂದು ಬರೇ ಒಂದು ಜೋಡಿ, ಅದರ ಮ್ಯಾಲೆ ರಾಜಾನ ಚಿತ್ರ ಐತಿ ಅನ್ನೂದು ಬಿಟ್ರ ರಾಣಿ ಜೋಡಿಗೂ ಅದಕ್ಕೂ ಅಲ್ಲಿ ಭಾಳ ಫರಕ್ ಇಲ್ಲ. ಮತ್ತ ತೊಂದ್ರಿ ಟರ್ನ್‌ನ್ಯಾಗ ಶುರು ಆಗಿದ್ದಲ್ಲ, ಆ 30ರ ರೇಜ್‌ನ್ಯಾಗ ಶುರು ಆಗಿದ್ದು.

ನಮ್ಮ ಕಡೆ ಮಂದಿ ಪೋಕರ್‌ಗ ಬರೂದು ತೀನ್ ಪತ್ತಿ ಆಡಿ ಆಡಿ. ದೀಪಾವಳಿಗೆ ಬೆಳಗಾವ್ಯಾಗಾಗ್ಲಿ ವಿಜಯಪುರದಾಗಾಗ್ಲಿ ಇಸ್ಪೀಟ್ ಎಲಿ ಮುಟ್ಟದ ಓಣಿ ಹುಡುಕಬೇಕು. ತೀನ್ ಪತ್ತ್ಯಾಗ ಎಕ್ಕಾ ಜೋಡಿನೋ ರಾಜಾ ಜೋಡಿನೋ ಬಂದ್ರ ಅದು ಖರೇನ ದೊಡ್ಡ ಕೈ, ಯಾಕಂದ್ರ ಮೂರು ಎಲ್ಯಾಗ ಜೋಡಿಗಿಂತ ಮ್ಯಾಲಿಂದು, ಅಂದ್ರ ಕಲರ್, ಸೀಕ್ವೆನ್ಸ್, ಪ್ಯೂರ್ ಸೀಕ್ವೆನ್ಸ್, ಟ್ರೇಲ್, ಇವೆಲ್ಲಾ ಕೂಡಿಸಿದ್ರೂ 100 ಸಲದಾಗ 9 ಸಲಾನೂ ಬರೂದಿಲ್ಲ, ಲೆಕ್ಕ ಹಾಕಿದ್ರ 8.7 ಆಗತೈತಿ. ಮುಕ್ಕಾಲು ಪಾಲು ಮಂದಿ ಕೈಯಾಗ ಜೋಡಿನೂ ಇರೂದಿಲ್ಲ. ಹಂಗಾಗಿ ಅಲ್ಲಿ ದೊಡ್ಡ ಜೋಡಿ ಹಿಡದು ಕಡೀತನಕ ಹೋಗೂದು ಸರಿಯಾದ ಆಟ. ಹೋಲ್ಡೆಮ್‌ದಾಗ ಪ್ರತಿಯೊಬ್ಬಂಗೂ 7 ಎಲ್ಯಾಗ ಚೊಲೋ 5 ಆರಿಸೂ ಅವಕಾಶ ಐತಿ. 7 ಎಲಿ ಪೂರಾ ಬಂದ್ರ ಒಬ್ಬ ಆಟಗಾರಂಗ ಟೂ ಪೇರ್ ಅಥವಾ ಅದಕ್ಕಿಂತ ದೊಡ್ಡದು ಆಗೂ ಸಾಧ್ಯತೆ 100ಕ್ಕ ಸುಮಾರು 39. 9ರಿಂದ 39. ಆಟ ಬದಲಾದ್ರೂ ನಮ್ಮ ಕೈ ಹಳೇ ಲೆಕ್ಕದ ಮ್ಯಾಲೆ ಚಿಪ್ಸ್ ತಳ್ಳತೈತಿ.

ಇನ್ನೊಂದು ಕಾರಣ ಮನಸಿಂದು. ರಾಜಾ ಜೋಡಿ ಬರೂದು ಸರಾಸರಿ 221 ಕೈಗೆ ಒಮ್ಮೆ. ಮನಿ ಆಟದಾಗ ನಗತಾ ಮಾತಾಡತಾ ತಾಸಿಗೆ 25 ಕೈ ಆಡಿದ್ರ ಅದು ಸುಮಾರು 9 ತಾಸಿಗೆ ಒಮ್ಮೆ. ಅಷ್ಟು ಹೊತ್ತು 7-2, 9-3 ಬಿಟ್ಟು ಬಿಟ್ಟು ಬ್ಯಾಸತ್ತಾವಂಗ ರಾಜಾ ಜೋಡಿ ಕಂಡ್ರ ಇದನ್ನ ಬಿಡು ಅಂತ ಯಾರು ಹೇಳಿದ್ರೂ ಕಿವಿಗೆ ಬೀಳೂದಿಲ್ಲ. ಇದು ಎಲ್ಲಾರಿಗೂ ಆಗೂದು, ನಿಮಗಷ್ಟ ಅಲ್ಲ.

ಈಗ ಆ 30ಕ್ಕ ಬರೂಣು. ಎಕ್ಕಾ ಜೋಡಿ, ಎಲ್ಲಾಕ್ಕಿಂತ ದೊಡ್ಡದು, ಎದುರಿಗೆ ಒಬ್ಬ ಇದ್ದು ಏನಾರ ಎರಡು ಎಲಿ ಹಿಡದಿದ್ರ ಕಡೀಕ ಗೆಲ್ಲೂದು ಸುಮಾರು 85 ಸಲ. ಎದುರಿಗೆ ಇಬ್ಬರು ಇದ್ರ 73. ಮೂರು ಮಂದಿ, 64. ನಾಕು ಮಂದಿ, 56. ರಾಜಾ ಜೋಡಿ ಅದಕ್ಕಿಂತ ಒಂದೆರಡು ಮೆಟ್ಟಲ ಕೆಳಗ, ನಾಕು ಮಂದಿ ಎದುರು ಅರ್ಧಕ್ಕರ್ಧ. ಅಂದ್ರ ನಿಮ್ಮ ಕೈ ಅವತ್ತ ಫ್ಲಾಪ್ ಬೀಳೂದಕ್ಕಿಂತ ಮೊದಲ ಅರ್ಧ ಸಲ ಸೋಲೂ ಕೈ ಆಗಿತ್ತು, ಮತ್ತ ನೀವು ಆಡಿದ್ದು ಗೆದ್ದೇ ಬಿಟ್ಟೀನಿ ಅನ್ನೂವಂಗ. ಎಲ್ಲಾರೂ 30ಕ್ಕ ಬರೂ ಮನಿ ಆಟದಾಗ ಪುಸ್ತಕದಾಗಿನ ಮೂರು ಬ್ಲೈಂಡ್ ರೇಜ್ ಕೆಲಸ ಮಾಡೂದಿಲ್ರಿ, ಅದು ರೇಜ್ ಅಲ್ಲ, ಟಿಕೆಟ್ ರೇಟ್ ಏರಿಸಿದಂಗ, ಎಲ್ಲಾರೂ ಕೊಟ್ಟು ಒಳಗ ಬರ್ತಾರ. ನಿಮ್ಮ ಟೇಬಲ್‌ನ್ಯಾಗ 50 ಹಾಕ್ರಿ, ಮೊದಲ ಒಬ್ಬ ಬಂದು ಕುಂತಿದ್ರ 60, ಇಬ್ಬರು ಬಂದಿದ್ರ 70. ಒಬ್ಬರೋ ಇಬ್ಬರೋ ಬರೂ ರೇಟ್ ಯಾವುದಂತ ನೋಡಿ ಅದನ್ನ ಇಡ್ರಿ. "ಅಷ್ಟು ಹಾಕಿದ್ರ ನನ್ನ ಕಡೆ ದೊಡ್ಡದೈತಿ ಅಂತ ಗೊತ್ತಾಗತೈತಲ್ಲ" ಅಂತ ಕೇಳ್ತಾರ ಮಂದಿ. ಗೊತ್ತಾಗ್ಲಿ ಬಿಡ್ರಿ, ನಮ್ಮ ದೋಸ್ತರಿಗೆ ಗೊತ್ತಾದ್ರೂ ಎಕ್ಕಾ-4 ಹಿಡದು ಬರೂದು ಬಿಡೂದಿಲ್ಲ. ಬೇಕಂದ್ರ ಎಕ್ಕಾ-ರಾಜಾಕ್ಕೂ, 10ರ ಜೋಡಿಗೂ ಅದ ರೇಟ್ ಇಡ್ರಿ, ಯಾರಿಗೂ ಏನೂ ಗೊತ್ತಾಗೂದಿಲ್ಲ.

ರೇಜ್ ದೊಡ್ಡದಿದ್ರ ಇನ್ನೊಂದು ಲಾಭ ಐತಿ, ಇದು ನಿಮ್ಮ ಮುಖ್ಯ ಪ್ರಶ್ನೆಗೆ ನೇರ ಸಂಬಂಧ. ಫ್ಲಾಪ್ ಬಿದ್ದ ಕೂಡ್ಲೆ ಒಂದು ಭಾಗಾಕಾರ ಮಾಡ್ರಿ: ನಿಮ್ಮ ಮುಂದ ಉಳಿದ ಚಿಪ್ಸ್ ಭಾಗಿಸು ಪಾಟ್, ಅಂದ್ರ ನಡುವ ಕೂಡಿದ ಚಿಪ್ಸ್. ಆಟಗಾರರು ಇದಕ್ಕ ಎಸ್‌ಪಿಆರ್ ಅಂತಾರ. ಅವತ್ತ ಪಾಟ್ 150, ನಿಮ್ಮ ಕಡೆ 970, ಅಂದ್ರ ಆರೂವರಿ. ಈ ಅಂಕಿ 3ರ ಆಸುಪಾಸು ಅಥವಾ ಕೆಳಗ ಇದ್ರ ಬೋರ್ಡಿಗಿಂತ ದೊಡ್ಡ ಜೋಡಿ ಹಿಡದು ಕಣ್ಣು ಮುಚ್ಚಿ ಹೋಗ್ರಿ, ಎದುರಿನವ ಸೆಟ್ (ಕೈಯಾಗಿನ ಜೋಡಿಗೆ ಬೋರ್ಡ್ ಮ್ಯಾಲೆ ಅದ ಅಂಕಿದು ಮೂರನೇ ಎಲಿ) ಹಿಡದಿದ್ರ ಹಿಡೀಲಿ, ಲೆಕ್ಕ ನಿಮ್ಮ ಕಡೆ ಐತಿ. 6-7 ಇದ್ರ ಎರಡು ಬೆಟ್‌ತನಕ ಧೈರ್ಯಾ ಮಾಡಬಹುದು, ಮೂರನೇದಕ್ಕ ಯೋಚನೆ ಬೇಕು. 13ಕ್ಕ ಮ್ಯಾಲೆ ಹೋದ್ರ ಒಂದು ಜೋಡಿ ಮ್ಯಾಲೆ ಇಡೀ ಸ್ಟ್ಯಾಕ್, ಅಂದ್ರ ಮುಂದಿರೂ ಚಿಪ್ಸ್ ಎಲ್ಲಾ, ಹೋಗೂವಂಗ ಆಡೂದ ತಪ್ಪು. ನೀವು ರೇಜ್ ಮಾಡಿದ್ರಿ, ಒಬ್ಬ ಮತ್ತ ರೇಜ್ ಮಾಡಿದ, ನೀವು ಒಪ್ಪಿದ್ರಿ ಅಂದ್ರ ಪಾಟ್ 370ರ ಹತ್ರ ಆಗತೈತಿ, ಉಳಿದಿದ್ದು 820, ಅಂಕಿ ಎರಡಕ್ಕ ಸ್ವಲ್ಪ ಮ್ಯಾಲೆ. ಅಂಥಾ ಕೈಯಾಗ 9-8-4 ಬಿದ್ದಿದ್ರ ನಾ ನಿಮಗ ಆಲ್ ಇನ್ ಅನ್ರಿ ಅಂತಿದ್ದೆ. ಎಲಿ ಅವ ಬೋರ್ಡ್ ಅದ, ಉತ್ತರ ಬ್ಯಾರೆ. ಹಾಂ, ಟೂರ್ನಮೆಂಟ್‌ನ್ಯಾಗ ನಿಮ್ಮ ಕಡೆ 15 ಬ್ಲೈಂಡ್ ಅಷ್ಟ ಉಳದಿದ್ರ ಇದ್ಯಾವ ಲೆಕ್ಕಾನೂ ಬ್ಯಾಡ, ರಾಜಾ ಜೋಡಿ ಕಂಡ್ರ ಹಾಕಿಬಿಡ್ರಿ.

ಫ್ಲಾಪ್‌ನ್ಯಾಗ 60 ಯಾಕ ಕಮ್ಮಿ ಅಂದೆ ಅಂದ್ರ, ನಿಮ್ಮ ದೋಸ್ತನ ಜಾಗಾದಾಗ ಕುಂತು ನೋಡ್ರಿ. ಅವನ ಪಾಳಿ ಬಂದಾಗ ಬಟನ್‌ದಾವನೂ 60 ಹಾಕಿದ್ದಕ್ಕ ಪಾಟ್ 270 ಆಗಿತ್ತು. ಅವ 60 ಕೊಟ್ರ ಒಟ್ಟು 330 ಆಗೂ ಪಾಟ್‌ನ್ಯಾಗ ಅವನ ಪಾಲು 100ಕ್ಕ 18. ಅವನ ಕಡೆ ಆಟೀನ್ 6-5, ಅಂದ್ರ ಫ್ಲಶ್ (ಒಂದ ಬಣ್ಣದ ಐದು ಎಲಿ) ಮಾಡೂ ಆಟೀನ್ ಎಲಿ 9, ಸ್ಟ್ರೇಟ್ ಮಾಡೂ ಬ್ಯಾರೆ 7 ಮೂರು, ಕೂಡಿ 12. ಮುಂದಿನ ಒಂದ ಎಲ್ಯಾಗ ಬರೂ ಸಾಧ್ಯತೆ 25ಕ್ಕ ಮ್ಯಾಲೆ, ಎರಡೂ ಎಲಿ ನೋಡಿದ್ರ 45. ಅವ ಕಾಲ್ ಮಾಡಿದ್ದು ನೂರಕ್ಕ ನೂರು ಸರಿ, ನೀವ ಅವಂಗ ಸಸ್ತಾದಾಗ ಎಲಿ ಮಾರೀರಿ. 110-120 ಹಾಕಿದ್ರೂ ಇಷ್ಟು ಚೊಲೋ ಡ್ರಾ (ಒಂದು ಎಲಿ ಬಂದ್ರ ಕೂಡೂ ಕೈ) ಬಿಡ್ತಿರ್ಲಿಲ್ಲ, ಅದು ಬ್ಯಾರೆ ಮಾತು, ಆದ್ರ ಬರೇ 7-6ನೋ, ಗುಲಾಮ-9ನೋ ಹಿಡದ ಮಂದಿ ರೊಕ್ಕಾ ಕೊಟ್ಟು ಬರ್ತಿದ್ರು, ಇಲ್ಲಾ ಎದ್ದು ಹೋಗ್ತಿದ್ರು. ಎರಡು ಆಟೀನ್ ಇದ್ದು 9-8 ಅಂಟಿಕೊಂಡು ಬಿದ್ದಾಗ ಪಾಟ್‌ದ ಮುಕ್ಕಾಲು ಹಾಕ್ರಿ. ಅದ ರಾಜಾ ಜೋಡಿಗೆ ರಾಣಿ-7-2 ಮೂರೂ ಬ್ಯಾರೆ ಬ್ಯಾರೆ ಬಣ್ಣದಾಗ ಬಿದ್ರ ಮೂರನೇ ಒಂದು ಪಾಲು ಸಾಕು, ಅಲ್ಲಿ ನಿಮ್ಮನ್ನ ಓಡಿ ಹಿಡ್ಯಾಕ ಯಾರ ಕಡೆನೂ ಏನೂ ಇಲ್ಲ, ರಾಣಿ ಹಿಡದಾವ ಮೂರೂ ಬೆಟ್ ಕೊಡ್ತಾನ.

ಈಗ ಚಾದ ಕಪ್ ಕೆಳಗ ಇಟ್ಟ ಆ ಕ್ಷಣ. ಇಲ್ಲಿ ಸಾವಕಾಶ ನೋಡೂಣು, ಯಾಕಂದ್ರ ದೊಡ್ಡ ಜೋಡಿ ಹಿಡದಾವನ ಸ್ಟ್ಯಾಕ್ ಹೋಗೂದು ಹತ್ರಾಗ ಎಂಟು ಸಲ ಇಂಥಾ ಜಾಗಾದಾಗನ.

ಬೋರ್ಡ್ 9-8-4-7. ಪಾಟ್‌ನ್ಯಾಗ 330 ಇತ್ತು, ನಿಮ್ಮ 150, ಅವನ 500, ಕೂಡಿ 980. ನೀವು ಕಾಲ್ ಮಾಡಾಕ 350 ಬೇಕು. 980ಕ್ಕ 350, ಚೊಲೋ ರೇಟ್ ಅನಸ್ತೈತಿ, 26 ಪರ್ಸೆಂಟ್ ಗೆದ್ರ ಸಾಕು. ಆದ್ರ ಅಲ್ಲಿಗೆ ಮುಗೀತೇನು? ಅವನ ಕಡೆ ಇನ್ನೂ 410 ಐತಿ, ರಿವರ್‌ನ್ಯಾಗ ಅದನ್ನ ಹಾಕೇ ಹಾಕ್ತಾನ, ನೀವು 350 ಕೊಟ್ಟಾವರು ಅವಾಗ ಬಿಡೂದಿಲ್ಲ. ಹಂಗಾಗಿ ಖರೇ ಲೆಕ್ಕ 350ರದ್ದಲ್ಲ, ನಿಮ್ಮ ಮುಂದ ಉಳಿದ ಪೂರಾ 760ರದ್ದು. ಒಟ್ಟು ಪಾಟ್ 2150 ಆಗತೈತಿ, ಅದರಾಗ 760 ಅಂದ್ರ 35 ಪರ್ಸೆಂಟ್. ಪ್ರಶ್ನೆ ಇಷ್ಟ: ಅವ 500 ತಳ್ಳಿದ ಎಲ್ಲಾ ಕೈಗಳ ಎದುರು ನೀವು 100ಕ್ಕ 35 ಸಲ ಗೆಲ್ತೀರೇನು?

ಎಣಿಸೂಣು. ಸೆಟ್ ಆಗೂ ಜೋಡಿಗಳು 9-9, 8-8, 7-7, 4-4, ಒಂದೊಂದು 3 ರೀತಿ ಬರಬಹುದು, 12. ಸ್ಟ್ರೇಟ್ ಮಾಡೂ ಗುಲಾಮ-10, 16 ರೀತಿ. 6-5, ಮತ್ತ 16. ಟೂ ಪೇರ್ ಮಾಡೂ 9-8, 9-7, 8-7, ಒಂದೊಂದು 9 ರೀತಿ, 27. ಒಟ್ಟು 71. 10-6 ಹಿಡದು ಬರೂ ಮಹಾಶಯರನ್ನ ಬಿಟ್ಟೀನಿ. ಇವುಗಳ ಎದುರು ನಿಮ್ಮ ಗತಿ ಏನು? ಸ್ಟ್ರೇಟ್ ಎದುರು ಸೊನ್ನೆ, ರಾಜಾ ಬಂದ್ರೂ ಉಪಯೋಗಿಲ್ಲ. ಸೆಟ್ ಎದುರು ಉಳಿದ ಎರಡು ರಾಜಾ ಅಷ್ಟ, 44 ಎಲ್ಯಾಗ 2. ಟೂ ಪೇರ್ ಎದುರು ಸ್ವಲ್ಪ ಉಸಿರೈತಿ, ಎರಡು ರಾಜಾ ಮತ್ತ ಬೋರ್ಡ್ ಜೋಡಿ ಮಾಡಿ ಅವನ ಸಣ್ಣ ಜೋಡಿಗಳನ್ನ ಕೆಳಗ ಹಾಕೂ 6 ಎಲಿ, ಕೂಡಿ 8, ಅಂದ್ರ 18 ಪರ್ಸೆಂಟ್. ಎಲ್ಲಾ ಸೇರಿಸಿ ಸರಾಸರಿ ತಗದ್ರ 100ಕ್ಕ 8ರ ಆಸುಪಾಸು. 35 ಬೇಕಿತ್ತು.

ಆ ಕಮ್ಮಿ ಬಿದ್ದಿದ್ದು ಎಲ್ಲಿಂದ ತುಂಬಬೇಕು? ಅವ ಸುಳ್ಳು ಹೇಳಿ ರೇಜ್ ಹೊಡೀಬೇಕು, ಅಂದ್ರ ಇನ್ನೂ ಕೂಡದ ಫ್ಲಶ್ ಡ್ರಾ ಹಿಡದು. ಲೆಕ್ಕ ಹಾಕಿದ್ರ ಅಂಥಾವು ಕಮ್ಮಿ ಅಂದ್ರೂ 50 ರೀತಿ ಬೇಕಾಗತಾವು. ಬೋರ್ಡ್ ಮ್ಯಾಲಿನ ಎರಡು ಬಿಟ್ಟು ಉಳಿದ 11 ಆಟೀನ್ ಎಲ್ಯಾಗ ಎರಡೆರಡು ಕೂಡೂ ರೀತಿ ಒಟ್ಟು 55, ಅದರಾಗ ಮೂರು ಆಗಲೇ ಸ್ಟ್ರೇಟ್. ಅಂದ್ರ ನಿಮ್ಮ ಕಾಲ್ ಸರಿ ಆಗಬೇಕಂದ್ರ ಕಿರಾಣಿ ದೋಸ್ತ ಆಟೀನ್ 3-2 ಹಿಡದ್ರೂ, ರಾಣಿ-4 ಹಿಡದ್ರೂ, ಪ್ರತಿ ಸಲ ಚೆಕ್ ಅಂದು 500 ಹೊಡಿಯಾವ ಆಗಿರಬೇಕು. ಇಡೀ ರಾತ್ರಿ ಬಾಯಿ ಬಿಚ್ಚದಾವ! ಆಟ ಅಲ್ಲೇ ಮುಗೀತು. 240 ಹೋತು, 760 ಉಳೀತು, ಅದು 76 ಬ್ಲೈಂಡ್, ಮಸ್ತ್ ಆಡಬಹುದು.

ಅದ 500 ತಳ್ಳಿದಾವ ನಿಮ್ಮ ಬಟನ್‌ದಾವ ಇದ್ದು, ಅವ ಎರಡು ಕೈಗೆ ಒಮ್ಮೆ ರೇಜ್ ಹೊಡಿಯಾವ, ತಿಂಗಳದಾಗ ನಾಕು ಸಲ ಬ್ಲಫ್ ಸಿಕ್ಕೊಂಡಾವ, ಎಲಿ ನೋಡೂದಕ್ಕಿಂತ ಮೊದಲ ಚಿಪ್ಸ್ ಕೈಯಾಗ ಹಿಡದು ಕುಂಡ್ರಾವ ಆಗಿದ್ರ ನಾ ಕಾಲ್ ಮಾಡ್ರಿ ಅಂತಿದ್ದೆ. ಅವನ ಕಡೆ 50 ಏನು, 100 ಸುಳ್ಳು ಅದಾವು. ದೊಡ್ಡ ಜೋಡಿ ಬಿಡೂದೋ ಹಿಡಿಯೂದೋ ಅನ್ನೂದು ಜೋಡಿ ನೋಡಿ ಹೇಳೂ ಮಾತಲ್ಲ ಅನ್ನೂದು ಇದಕ್ಕ, ಎದುರಿನವ ಏನು ಮಾಡಿದ, ಅವ ಎಂಥಾವ, ಹಿಂದ ಎಷ್ಟು ಚಿಪ್ಸ್ ಉಳದಾವು, ಈ ಮೂರು ನೋಡಿ ಹೇಳಬೇಕು. ಇಂಗ್ಲಿಷ್ ಆಟಗಾರರ ನಡುವ ಬಲುಗಾ ಥಿಯರಮ್ ಅಂತ ಒಂದು ಮಾತು ಓಡಾಡತೈತಿ, ಟರ್ನ್‌ನ್ಯಾಗ ನಿಮ್ಮ ಬೆಟ್ ಮ್ಯಾಲೆ ರೇಜ್ ಬಂದ್ರ ಒಂದು ಜೋಡಿ ಕೈಯನ್ನ ಮೊದಲಿಂದ ತೂಕಾ ಮಾಡು ಅಂತ. ಸಣ್ಣ ಬ್ಲೈಂಡ್ ಆಟದಾಗ, ಮನಿ ಆಟದಾಗ ಇದು ಭಾಳ ಕರೆಕ್ಟ್ ಐತಿ, ಯಾಕಂದ್ರ ನಮ್ಮ ಮಂದಿ ಫ್ಲಾಪ್‌ನ್ಯಾಗ ಸೆಟ್ ಆದ್ರ ಸುಮ್ಮ ಕಾಲ್ ಮಾಡಿ ಟರ್ನ್‌ನ್ಯಾಗ ಬಲಿ ಬೀಸ್ತಾರ. ರಿವರ್‌ನ್ಯಾಗ ರೇಜ್ ಬಂತಂದ್ರ ಇನ್ನೂ ಖಚಿತ, ಅಲ್ಲಿ ಒಂದು ಜೋಡಿ ಹಿಡದು ಕಾಲ್ ಮಾಡಾವರ ಕಾರಣ ಒಂದ ಇರತೈತಿ, "ಏನೈತಿ ನೋಡೇಬಿಡೂಣು". ತೀನ್ ಪತ್ತ್ಯಾಗ ಶೋ ಕೇಳಿ ಕೇಳಿ ರೂಢಿ ಆದ ಕೈ ಅದು.

ಟರ್ನ್‌ನ್ಯಾಗ 150 ಹಾಕೂ ಮೊದಲ ಒಂದು ಸೆಕೆಂಡ್ ನಿಂತು ನಿಮ್ಮನ್ನ ನೀವ ಕೇಳ್ಕೋರಿ, ಇವ ರೇಜ್ ಹೊಡದ್ರ ನಾ ಏನು ಮಾಡ್ತೀನಿ? ಉತ್ತರ ಮೊದಲ ತಯಾರಿದ್ರ ಬೆಟ್ ಹಾಕ್ರಿ, ಇಲ್ಲಾಂದ್ರ ಚೆಕ್ ಮಾಡ್ರಿ. ರೇಜ್ ಬಂದ ಮ್ಯಾಲೆ ಎದಿ ಡಬಡಬ ಅನ್ನೂವಾಗ, ಎಲ್ಲಾರೂ ಮುಖಾ ನೋಡೂವಾಗ 71 ಕೈ ಎಣಿಸಾಕ ಯಾರಿಗೂ ಆಗೂದಿಲ್ಲ.

ಆದ್ರ ಇದನ್ನ ಓದಿ ಮುಂದಿನ ಶನಿವಾರ ಪ್ರತಿ ರೇಜ್‌ಗೂ ರಾಜಾ ಜೋಡಿ ಬಿಟ್ಟು ಕುಂಡ್ರಬ್ಯಾಡ್ರಿ, ಅದೂ ಅಷ್ಟ ದುಬಾರಿ. ಫ್ಲಾಪ್‌ನ್ಯಾಗ ಬರೂ ರೇಜ್‌ಗೂ ಟರ್ನ್‌ನ್ಯಾಗ ಬರೂ ರೇಜ್‌ಗೂ ಫರಕ್ ಐತಿ. ಫ್ಲಾಪ್‌ನ್ಯಾಗ ಮಂದಿ ಡ್ರಾ ಹಿಡದು, ಎಕ್ಕಾ-9 ಹಿಡದು, 10ರ ಜೋಡಿ ಹಿಡದೂ ರೇಜ್ ಮಾಡ್ತಾರ, ಅಲ್ಲಿ ಒಮ್ಮೆ ಕಾಲ್ ಮಾಡಿ ಟರ್ನ್ ನೋಡ್ರಿ. ರೇಜ್ ಮಾಡಿದಾವ ಟರ್ನ್‌ನ್ಯಾಗ ಚೆಕ್ ಅಂದ್ರ ಮತ್ತ ನಿಮ್ಮ ಕೈ ಮ್ಯಾಲೆ ಐತಿ ಅಂತ ತಿಳೀರಿ. ಇನ್ನ ಫ್ಲಾಪ್ ಮೊದಲಿನ ಮಾತು: ರಾಜಾ ಜೋಡಿಯನ್ನ ಫ್ಲಾಪ್ ಮೊದಲ ಬಿಡೂದು ಮರತುಬಿಡ್ರಿ. ನಿಮ್ಮ ಕಡೆ ರಾಜಾ ಜೋಡಿ ಇದ್ದಾಗ ಒಬ್ಬ ಎದುರಾಳಿ ಕೈಯಾಗ ಎಕ್ಕಾ ಜೋಡಿ ಇರೂ ಸಾಧ್ಯತೆ 204ಕ್ಕ 1, ಆರು ಮಂದಿ ಟೇಬಲ್ ಅಂದ್ರೂ 40 ಸಲಕ್ಕ ಒಮ್ಮೆ. ಆ ಒಂದು ಸಲ ಸೋಲ್ರಿ, ಪರವಾಗಿಲ್ಲ. ರಾಣಿ ಜೋಡಿ, ಗುಲಾಮ ಜೋಡಿ ಬ್ಯಾರೆ, ಬಿಗಿ ಆಡಾವ ಮೂರನೇ ರೇಜ್ ಹೊಡದು ಆಲ್ ಇನ್ ಅಂದ್ರ ಗುಲಾಮ ಜೋಡಿ ಬಿಟ್ರ ನಾ ಬೈಯೂದಿಲ್ಲ.

ಎಕ್ಕಾ ಬಿದ್ರ ಏನು ಮಾಡಬೇಕಂತ ಕೇಳೀರಿ. ರಾಜಾ ಜೋಡಿ ಇದ್ದಾಗ ಫ್ಲಾಪ್‌ನ್ಯಾಗ ಎಕ್ಕಾ ಕಾಣಿಸೂದು 100ಕ್ಕ 23 ಸಲ. ರಾಣಿ ಜೋಡಿ ಇದ್ದಾಗ ಎಕ್ಕಾನೋ ರಾಜಾನೋ ಬೀಳೂದು 41. ಗುಲಾಮ ಜೋಡಿಗೆ ತನಗಿಂತ ದೊಡ್ಡ ಎಲಿ ಕಾಣೂದು 57, ಅಂದ್ರ ಅರ್ಧಕ್ಕಿಂತ ಜಾಸ್ತಿ ಸಲ, ಅದಕ್ಕ ಗುಲಾಮ ಜೋಡಿ ಹಿಡದಾವರು ಅಷ್ಟು ಗೊಣಗೂದು. ಎದುರಿಗೆ ಒಬ್ಬನ ಇದ್ದು ಎಕ್ಕಾ-7-2 ಬಿದ್ರ ಹೆದರಬ್ಯಾಡ್ರಿ. ಪಾಟ್ 125 ಇದ್ರ 40 ಹಾಕ್ರಿ, ಅವ 100ಕ್ಕ 25 ಸಲ ಬಿಟ್ರೂ ನಿಮ್ಮ ಬೆಟ್ ತನ್ನ ಖರ್ಚು ತಾನ ತಗೀತೈತಿ. ಅವ ಕಾಲ್ ಮಾಡಿದ್ನೋ, ಅಲ್ಲಿಗೆ ನಿಲ್ಲಸ್ರಿ. ಟರ್ನ್ ಚೆಕ್, ರಿವರ್‌ನ್ಯಾಗ ಸಣ್ಣದೊಂದು ಹಾಕಿದ್ರ ಕೊಟ್ಟು ನೋಡ್ರಿ, ದೊಡ್ಡದು ಹಾಕಿದ್ರ ಬಿಡ್ರಿ. ಮೂರು ನಾಕು ಮಂದಿ ಇದ್ದಾಗ ಎಕ್ಕಾ ಬಿತ್ತಂದ್ರ ಬೆಟ್ ಹಾಕೂದ ಬ್ಯಾಡ, ನಮ್ಮ ಕಡೆ ಎಕ್ಕಾ ಜೊತಿಗೆ ಬಸ್ ಟಿಕೆಟ್ ಬಂದ್ರೂ ಯಾರೂ ಬಿಡೂದಿಲ್ಲ, ಒಬ್ಬನ ಕೈಯಾಗರ ಇದ್ದೇ ಇರತೈತಿ. ಒಬ್ಬ ಬೆಟ್ ಹಾಕಿ ಇನ್ನೊಬ್ಬ ಕಾಲ್ ಮಾಡಿದ್ರ ಅಲ್ಲೇ ಬಿಟ್ಟು ಚಾ ಕುಡೀರಿ. "ರಾಜಾ ಬಂದ್ರ ಬರಬಹುದು" ಅಂತ ಕುಂಡ್ರೂದಕ್ಕ ಲೆಕ್ಕಾನ ಇಲ್ಲ, 47 ಎಲ್ಯಾಗ ಎರಡು, ಒಂದು ಎಲಿಗೆ 4 ಪರ್ಸೆಂಟ್.

ಮೂರನೇ ಆಟೀನ್ ಬಿದ್ದಾಗಿನ ಮಾತೂ ಒಂದು ಹೇಳಿಬಿಡ್ತೀನಿ. ನಿಮ್ಮ ಎಕ್ಕಾ ಜೋಡ್ಯಾಗ ಒಂದು ಆಟೀನ್ ಎಕ್ಕಾ ಇದ್ರ ಎದುರಿನವಂಗ ಎಲ್ಲಾಕ್ಕಿಂತ ದೊಡ್ಡ ಫ್ಲಶ್ ಆಗಿರಾಕ ಸಾಧ್ಯಾನ ಇಲ್ಲ, ನಾಕನೇ ಆಟೀನ್ ಬಂದ್ರ ಅದು ನಿಮಗ ಆಗತೈತಿ. ಅಂಥಲ್ಲಿ ಒಂದು ಬೆಟ್ ಜಾಸ್ತಿ ಕಾಲ್ ಮಾಡಬಹುದು. ಎರಡೂ ಎಕ್ಕಾ ಕಪ್ಪು ಬಣ್ಣದ್ದು ಇದ್ರ ಜಲ್ದಿ ಬಿಡ್ರಿ. ನಿಮ್ಮ ಆ ಕೈಯಾಗ ರಾಜಾ ಇಸ್ಪೀಟ್ ಮತ್ತ ಡೈಮಂಡ್, ಆಟೀನ್ ಒಂದೂ ಇರ್ಲಿಲ್ಲ, ಮೂರನೇ ಆಟೀನ್ ಬಿದ್ದಿದ್ರ ಅದೂ ನಿಮಗ ವಿರುದ್ಧ ಆಗ್ತಿತ್ತು.

ಗೋವಾ ವಿಷಯ. ಬೆಳಗಾವಿ ಮ್ಯಾಲೆ ಹಾಯ್ದು ಚೋರ್ಲಾ ಘಾಟ್ ಇಳದ್ರ ಪಣಜಿ, ಮಾಂಡೋವಿ ನದ್ಯಾಗ ನಿಂತ ಹಡಗುಗಳಾಗ ಕ್ಯಾಸಿನೋ, ನಿಮಗ ಗೊತ್ತಿದ್ದದ್ದ. 2025ರ ಆಗಸ್ಟ್‌ನ್ಯಾಗ ಸಂಸತ್ತಿನ ಕಾಯ್ದೆ ಬಂದು ರೊಕ್ಕದ ಆ್ಯಪ್‌ಗಳು ಬಾಗಲಾ ಹಾಕಿದ ಮ್ಯಾಲೆ ಆ್ಯಪ್‌ನ್ಯಾಗ ಆಡ್ತಿದ್ದ ಮಂದಿ ಆ ಕಡೆ ನೋಡೂದು ಸಹಜ. 21 ತುಂಬದ ತಮ್ಮಂದಿರು ಯಾರರ ಇದ್ರ ಮೊದಲ ಹೇಳ್ರಿ, ಒಳಗ ಬಿಡೂದಿಲ್ಲ. ಟೇಬಲ್‌ಗ ಕುಂದ್ರೂ ಮೊದಲ ಮೂರು ಕೇಳ್ರಿ: ಬ್ಲೈಂಡ್ ಎಷ್ಟು, ಕಮ್ಮಿ ಅಂದ್ರ ಎಷ್ಟು ತಗೊಂಡು ಕುಂದರಬೇಕು, ಪ್ರತಿ ಪಾಟ್‌ನ್ಯಾಗ ಕ್ಯಾಸಿನೋದವ್ರು ಎಷ್ಟು ಮುರ್ಕೋತಾರ. ಆಮ್ಯಾಲ ಕುಂತಾವರ ಮುಂದಿನ ಚಿಪ್ಸ್ ನೋಡ್ರಿ. ಎಲ್ಲಾರ ಕಡೆ 300 ಬ್ಲೈಂಡ್ ಇದ್ದು ನೀವೂ ಅಷ್ಟ ತಗೊಂಡು ಕುಂತ್ರ ಮ್ಯಾಲೆ ಹೇಳಿದ ಆ ಭಾಗಾಕಾರ 20 ದಾಟತೈತಿ, ಅಲ್ಲಿ ರಾಜಾ ಜೋಡಿ ಒಂದು ಮಧ್ಯಮ ಪಾಟ್ ಗೆಲ್ಲೂ ಕೈ ಅಷ್ಟ. ಕಮ್ಮಿ ಚಿಪ್ಸ್ ತಗೊಂಡು, 50-60 ಬ್ಲೈಂಡ್ ಹಿಡದು ಕುಂತ್ರ ನಿಮ್ಮ ನಿರ್ಧಾರ ಸಸಾರ ಆಗತಾವು, ದೊಡ್ಡ ಜೋಡಿಗೂ ಬೆಲಿ ಬರತೈತಿ. ಅಲ್ಲಿ ಎದುರು ಕುಂತಾವ ನಿಮ್ಮ ಕಿರಾಣಿ ದೋಸ್ತ ಅಲ್ಲ, ಅವ ಸುಮ್ಮಿರಾವೋ ಸುಳ್ಳಾಡಾವೋ ಗೊತ್ತಿರೂದಿಲ್ಲ, ಮೊದಲ ಒಂದು ತಾಸು ಬರೇ ಯಾರು ಏನು ತೋರಿಸಿದ್ರು ನೋಡ್ಕೋತ ಕುಂದ್ರಿ. ಬೋರ್ ಆಗತೈತಿ, ಆಗ್ಲಿ.

ಕಡೀ ಪ್ರಶ್ನೆ, ತೋರಿಸಿ ಬಿಡಬೇಕೋ ಅಂತ. ಬ್ಯಾಡ್ರಿ. ರಾಜಾ ಜೋಡಿ ತೋರಿಸಿ ಬಿಟ್ರ "ಭಾರೀ ಆಟಗಾರಪಾ ಇವ" ಅಂತ ನಾಕು ಮಂದಿ ಅಂತಾರ, ಆ ಖುಷಿ ಎರಡು ನಿಮಿಷ. ಮುಂದಿನ ವಾರದಿಂದ ಅದ ನಾಕು ಮಂದಿ ನಿಮ್ಮ ಮ್ಯಾಲೆ ಟರ್ನ್‌ನ್ಯಾಗ ಬರೇ ಕೈಲೆ ರೇಜ್ ಹೊಡೀತಾರ, ಇವ ಬಿಡ್ತಾನ ಅಂತ ಅವರಿಗೆ ಗೊತ್ತಾಗೇತಿ, ಮತ್ತ ನಾ ಮ್ಯಾಲೆ ಹಾಕಿದ ಲೆಕ್ಕ ಎಲ್ಲಾ ಉಲ್ಟಾ ಆಗತೈತಿ, ಆ 50 ಸುಳ್ಳು ಕೈ ಖರೇನ ಬರಾಕ ಶುರು ಆಗತಾವು. ಮುಚ್ಚಿ ಕೊಡ್ರಿ, ಯಾರರ ಕೇಳಿದ್ರ "ಆಟೀನ್ ಬರ್ಲಿಲ್ಲ" ಅನ್ರಿ. ತೋರಿಸೂದು ಒಂದ ಸಂದರ್ಭದಾಗ ಉಪಯೋಗ ಐತಿ: ಇಡೀ ಟೇಬಲ್ ಜಡ್ಡು ಹಿಡದು ಯಾರೂ ಯಾರ ಬೆಟ್‌ಗೂ ಬಿಡದಂಗ ಕಾಲ್ ಮಾಡಾಕತ್ತಿದ್ರ, ನೀವು ಒಂದು ಸಲ ದೊಡ್ಡ ಜೋಡಿ ತೋರಿಸಿ ಬಿಟ್ರ ಅವರು ನಿಮ್ಮ ಮ್ಯಾಲೆ ಬ್ಲಫ್ ಹೊಡ್ಯಾಕ ಬರ್ತಾರ, ಆವಾಗ ಸೆಟ್ ಹಿಡದು ಕಾಯ್ಕೋತ ಕುಂದರಬಹುದು. ಆದ್ರ ಅದಕ್ಕ ಮೊದಲ ನಿಮಗ ಸೆಟ್ ಆಗಬೇಕು, ಕೈಯಾಗ ಜೋಡಿ ಇದ್ದಾಗ ಫ್ಲಾಪ್‌ನ್ಯಾಗ ಅದು ಆಗೂದು ಎಂಟೂವರಿ ಸಲಕ್ಕ ಒಮ್ಮೆ.